ಮೇಡಂ ‘ನಿನ್ನ ದನಿ ಒಪೆರಾಗೆ ಆಗಲ್ಲ’ ಅಂದರು. ಲೋಟೆ ಲೇಮನ್‌ಗೂ ಹಾಗೇ ಅಂದಿದ್ದರಲ್ವಾ?

ಪ್ರಶ್ನೆ: ನನಗೆ 22 ವರ್ಷ, ಬೆಂಗಳೂರಿನವಳು. ಎಂಟನೇ ವಯಸ್ಸಿನಿಂದ ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತೆ. ಕಾಲೇಜಿನಲ್ಲಿ ಗೆಳತಿಯೊಬ್ಬಳು ಒಪೆರಾ ಕೇಳಿಸಿದಳು, ಅವತ್ತಿನಿಂದ ಅದೇ ಹುಚ್ಚು. ಎರಡು ವರ್ಷದಿಂದ ಪಾಶ್ಚಾತ್ಯ ಗಾಯನ ಕಲಿಯುತ್ತಿದ್ದೇನೆ. ಹೋದ ತಿಂಗಳು ನಮ್ಮ ಮೇಡಂ ‘ನಿನ್ನ ದನಿ ಒಪೆರಾಗೆ ಆಗಲ್ಲ, ಮೇಲೆ ಹೋದರೆ ಒಡೆಯುತ್ತೆ, ಸಾಲಿನ ಮಧ್ಯೆ ಉಸಿರು ತಗೋತೀಯ’ ಅಂದುಬಿಟ್ಟರು. ಮೂರು ದಿನ ಅತ್ತೆ. ಆಮೇಲೆ ಜರ್ಮನಿಯ ಸೊಪ್ರಾನೊ (ಹೆಣ್ಣಿನ ಅತಿ ಎತ್ತರದ ದನಿಯ ಗಾಯಕಿ) ಲೋಟೆ ಲೇಮನ್ ಬಗ್ಗೆ ಓದಿದೆ. ಅವರನ್ನೂ ಪ್ರತಿಭೆ ಇಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದ್ದರಂತೆ. ಅವರೂ ಎಲ್ಲೆಂದರಲ್ಲಿ ಉಸಿರು ತಗೋತಿದ್ದರಂತೆ. ಹಿಟ್ಲರನ ಮಂತ್ರಿ ಗೋರಿಂಗ್‌ಗೆ ಮುಖದ ಮೇಲೇ ‘ಹಾಡಲ್ಲ’ ಅಂದವರಂತೆ. ಅವರು ಬರೆದ ಗಾಯನದ ಪುಸ್ತಕ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಅದರಲ್ಲಿರುವ ‘ದೊಡ್ಡ ಸ್ವರಶ್ರೇಣಿ’ಯನ್ನು ದಿನಾ ಎರಡು ಗಂಟೆ ಸಾಧನೆ ಮಾಡುತ್ತಿದ್ದೇನೆ. ಸಂಜೆ ಹೊತ್ತಿಗೆ ಗಂಟಲು ಕಟ್ಟುತ್ತೆ. ಒಂದು ತಿಂಗಳಿಂದ ಬೆಳಿಗ್ಗೆ ದನಿ ದಪ್ಪ. ಅಮ್ಮ ಬ್ಯಾಂಕ್ ಪರೀಕ್ಷೆ ಕಟ್ಟು ಅಂತಾರೆ. ಮೇಡಂನ ಬಿಟ್ಟು ಬೇರೆಯವರ ಹತ್ತಿರ ಹೋಗಲಾ? ಲೇಮನ್ ಕಥೆ ನಿಜ ತಾನೇ?

ಉತ್ತರ: ಆ ಸ್ವರಶ್ರೇಣಿಯ ಸಾಧನೆಯನ್ನು ಇವತ್ತೇ ನಿಲ್ಲಿಸಿ. ಮೊದಲು ಇದೊಂದು ಕೆಲಸ ಮಾಡಿ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನೀವು ಕೇಳಿರುವುದು ಮೇಡಂನ ಬಿಡಲಾ ಅಂತ. ಆದರೆ ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಕಂಡದ್ದು ಬೇರೊಂದು ಭಯ. ‘ನನ್ನ ಗಂಟಲಲ್ಲೇ ಏನೋ ಕೊರತೆ ಇದೆ, ಅದು ಹುಟ್ಟಿನಿಂದ ಬಂದದ್ದು, ಇನ್ನು ಏನು ಮಾಡಿದರೂ ಇಷ್ಟೇ’ ಅನ್ನುವ ಭಯ. ಲೇಮನ್ ಕಥೆಯನ್ನು ನೀವು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದೂ ಅದಕ್ಕೇ ಅಲ್ವಾ? ಆ ಕಥೆ ಬಹುಪಾಲು ನಿಜ. ಆದರೆ ನಿಮಗೆ ಬೇಕಾದ ಭಾಗ ಅದರ ಮಧ್ಯದಲ್ಲಿದೆ. ಸಾಮಾನ್ಯವಾಗಿ ಆ ಭಾಗವನ್ನು ಯಾರೂ ಹೇಳುವುದಿಲ್ಲ.

ಮೊದಲು ಪುಸ್ತಕದ ವಿಷಯ. ನಿಮ್ಮ ಕೈಲಿರುವುದು ಲೋಟೆ ಲೇಮನ್ ಬರೆದ ಪುಸ್ತಕ ಅಲ್ಲ. ‘ದೊಡ್ಡ ಸ್ವರಶ್ರೇಣಿ’ ಅಂದ ತಕ್ಷಣ ಗೊತ್ತಾಯಿತು, ಅದು ಲಿಲ್ಲಿ ಲೇಮನ್ ಅವರದು. ಇಬ್ಬರೂ ಜರ್ಮನ್, ಇಬ್ಬರೂ ಸೊಪ್ರಾನೊ, ಇಬ್ಬರೂ ಹೆಸರಾಂತ ಗುರುಗಳು. ಆದರೆ ಸಂಬಂಧಿಕರಲ್ಲ. ಲಿಲ್ಲಿ ಹುಟ್ಟಿದ್ದು 1848ರಲ್ಲಿ, ವುರ್ಟ್ಸ್‌ಬುರ್ಗ್‌ನಲ್ಲಿ. 1876ರಲ್ಲಿ ಬೈರಾಯ್ಟ್‌ನಲ್ಲಿ ಒಪೆರಾ ರಚನೆಕಾರ ವಾಗ್ನರ್ ತನ್ನ ‘ರಿಂಗ್’ ನಾಟಕಮಾಲೆಯನ್ನು ಮೊದಲ ಸಲ ಪೂರ್ತಿಯಾಗಿ ಆಡಿಸಿದಾಗ ಅದರಲ್ಲಿ ಹಾಡಿದವರು. ಗಾಯನದ ಬಗ್ಗೆ ಅವರ ಪುಸ್ತಕ ಬಂದದ್ದು 1902ರಲ್ಲಿ. ಆಗ ಲೋಟೆ 14 ವರ್ಷದ ಹುಡುಗಿ.

ಲಿಲ್ಲಿಯ ಪುಸ್ತಕ ಕೆಟ್ಟದ್ದಲ್ಲ. ಆ ಸಾಧನೆಯನ್ನು ಅವರು ತಮ್ಮ ಮೇಲೆ ತಾವೇ ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡವರು. ಒಂದೊಂದೇ ಸ್ವರವನ್ನು ಹಿಡಿದು, ಮುಂದಿನ ಸ್ವರಕ್ಕೆ ಗಂಟಲನ್ನು ಮೊದಲೇ ಅಣಿ ಮಾಡಿಕೊಂಡು ದಾಟಬೇಕು. ಪಕ್ಕದಲ್ಲಿ ಕೇಳಿ ತಿದ್ದುವವರು ಇದ್ದರೆ ಅದು ಚಿನ್ನ. ಒಬ್ಬರೇ ಕೂತು, ಪುಸ್ತಕ ನೋಡಿ, ತಪ್ಪು ಬಿಗಿತದಲ್ಲಿ ದಿನಾ ಎರಡು ಗಂಟೆ ಮಾಡಿದರೆ ಆ ಬಿಗಿತವೇ ರೂಢಿಯಾಗುತ್ತದೆ.

ಲೆಕ್ಕ ಹಾಕಿ ನೋಡಿ. ಗಂಟಲೊಳಗೆ ಕಂಪಿಸಿ ದನಿ ಹೊರಡಿಸುವ ದನಿಪಟ್ಟಿಗಳು ಹೆಂಗಸರಲ್ಲಿ ಒಂದು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ, ಅಷ್ಟೇ. ನಡುವಿನ ಸ್ಥಾಯಿಯಿಂದ ಸ್ವಲ್ಪ ಮೇಲೆ ಹಾಡುವಾಗ ಅವು ಸೆಕೆಂಡಿಗೆ 500 ಸಲ ಒಂದಕ್ಕೊಂದು ತಾಗುತ್ತವೆ. ನಿಮ್ಮ ಎರಡು ಗಂಟೆಯಲ್ಲಿ ನಿಜವಾಗಿ ದನಿ ಹೊರಟದ್ದು ಅರ್ಧ ಗಂಟೆ ಅಂತಲೇ ಇಟ್ಟುಕೊಳ್ಳಿ. ಅದೇ 9 ಲಕ್ಷ ಸಲ ಆಯಿತು. ಅಂಗೈಯನ್ನು ಮೆತ್ತಗೆ ತಟ್ಟಿದರೂ ಅಷ್ಟು ಸಲ ತಟ್ಟಿದರೆ ಊದಿಕೊಳ್ಳುತ್ತದೆ.

ಒಂದು ತಿಂಗಳಿಂದ ಬೆಳಿಗ್ಗೆ ದನಿ ದಪ್ಪ ಅಂದಿದ್ದೀರಿ. ಎರಡು ಮೂರು ವಾರ ದಾಟಿದ ಯಾವ ಗೊಗ್ಗರು ದನಿಯನ್ನೂ ಹಾಡುವವರು ಹಾಗೇ ಬಿಡಬಾರದು. ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರೆ ಸಾಲದು, ದನಿಪಟ್ಟಿ ಅಲ್ಲಿಗೆ ಕಾಣುವುದೇ ಇಲ್ಲ. ಸಣ್ಣ ಕ್ಯಾಮೆರಾ ಇಟ್ಟು, ಸ್ಟ್ರೋಬೋಸ್ಕೋಪಿ (ಮಿನುಗುವ ಬೆಳಕಿನಲ್ಲಿ ದನಿಪಟ್ಟಿಯ ಕಂಪನ ನೋಡುವ ಪರೀಕ್ಷೆ) ಮಾಡಿ ನೋಡುವವರನ್ನು ಹುಡುಕಿ. ‘ನಾನು ಹಾಡುವವಳು’ ಅಂತ ಮೊದಲೇ ಹೇಳಿ. ಬರೀ ಊತ ಇರಬಹುದು, ಚಿಕ್ಕ ಗಂಟೂ ಆಗಿರಬಹುದು. ಗಂಟು ಅಂದ ಕೂಡಲೇ ಹೆದರಬೇಡಿ. ಈ ವಯಸ್ಸಿನ ಹಾಡುಗಾರ್ತಿಯರಲ್ಲಿ ಅದು ಬರುತ್ತದೆ. ಬಹಳ ಸಲ ಆಪರೇಷನ್ ಇಲ್ಲದೆ, ದನಿಯ ಚಿಕಿತ್ಸೆಯಿಂದಲೇ ಇಳಿಯುತ್ತದೆ. ಈ ವರದಿ ಕೈಗೆ ಬರುವ ತನಕ ಗುರುವನ್ನು ಬದಲಿಸುವ ನಿರ್ಧಾರ ಬೇಡ. ಆಗಲೇ ಗಂಟಲು ಊದಿತ್ತೋ ಏನೋ, ಅದು ಗೊತ್ತಾಗುವ ತನಕ ಮೇಡಂ ಹೇಳಿದ್ದನ್ನು ನಿಮ್ಮ ನಿಜವಾದ ಶಾರೀರದ ಮೇಲಿನ ತೀರ್ಪು ಅಂದುಕೊಳ್ಳಲು ಆಗುವುದಿಲ್ಲ.

ಈಗ ಲೋಟೆ ಲೇಮನ್ ಕಥೆಗೆ ಬರೋಣ.

ಅವರು ಹುಟ್ಟಿದ್ದು 1888ರ ಫೆಬ್ರವರಿ 27ರಂದು, ಬರ್ಲಿನ್‌ಗೂ ಹ್ಯಾಂಬರ್ಗ್‌ಗೂ ನಡುವೆ ಇರುವ ಪೆರ್ಲೆಬೆರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆಗೆ ಸಣ್ಣ ಸಂಬಳದ ಗುಮಾಸ್ತಿಕೆ. ಮಗಳು ಟೀಚರೋ ಗುಮಾಸ್ತೆಯೋ ಆಗಲಿ, ಭದ್ರವಾದ ಕೆಲಸ ಇರಲಿ ಅನ್ನುವುದು ಅವರ ಆಸೆ. ನಿಮ್ಮ ಅಮ್ಮನ ಬ್ಯಾಂಕ್ ಪರೀಕ್ಷೆಯೂ ಅದೇ ಚಿಂತೆಯಿಂದ ಬಂದದ್ದು. ಕುಟುಂಬ ಬರ್ಲಿನ್‌ಗೆ ಹೋದ ಮೇಲೆ ಲೋಟೆ ಅಲ್ಲಿಯ ಸಂಗೀತ ವಿದ್ಯಾಲಯ ಸೇರಿದರು. ಆಮೇಲೆ ಎಟೆಲ್ಕಾ ಗೆರ್ಸ್ಟರ್ ಎಂಬ ಹಂಗೇರಿಯ ಪ್ರಸಿದ್ಧ ಗಾಯಕಿ ನಡೆಸುತ್ತಿದ್ದ ಶಾಲೆಗೆ ಹೋದರು. ಅಲ್ಲಿ ಅವರ ದನಿ ದಿನದಿಂದ ದಿನಕ್ಕೆ ಬಿಗಿಯಾಯಿತು. ಕೊನೆಗೆ ಪ್ರತಿಭೆ ಸಾಲದು ಅಂತ ಶಾಲೆಯಿಂದ ತೆಗೆದರು. ಇಷ್ಟು ನಿಜ.

ಇಲ್ಲಿಂದ ನೇರ ‘ಮುಂದೆ ಜಗದ್ವಿಖ್ಯಾತರಾದರು’ ಅಂತ ಜಿಗಿಯುವುದು ವಾಡಿಕೆ. ಮಧ್ಯದಲ್ಲಿ ಏನಾಯಿತು ನೋಡಿ. ಲೋಟೆ ಹಟ ಹಿಡಿದು ಒಬ್ಬರೇ ಕೂತು ಸಾಧನೆ ಮಾಡಲಿಲ್ಲ. ಮಟಿಲ್ಡೆ ಮಾಲಿಂಗರ್ ಅವರ ಹತ್ತಿರ ಹೋದರು. ಆಕೆ 1868ರಲ್ಲಿ ಮ್ಯೂನಿಕ್‌ನಲ್ಲಿ ವಾಗ್ನರ್‌ನ ‘ಮೈಸ್ಟರ್‌ಸಿಂಗರ್’ ಮೊದಲ ಪ್ರದರ್ಶನದಲ್ಲಿ ಎವಾ ಪಾತ್ರ ಹಾಡಿದವರು. ಆಗ ಅವರಿಗೆ ವಯಸ್ಸಾಗಿತ್ತು, ಆದರೆ ಕಿವಿ ಚುರುಕಾಗಿತ್ತು. ಗೆರ್ಸ್ಟರ್ ಶಾಲೆಯ ಪದ್ಧತಿ ಯಾವ ಗಂಟಲನ್ನು ಕಟ್ಟಿಹಾಕಿತ್ತೋ ಅದನ್ನು ಮಾಲಿಂಗರ್ ಬಿಚ್ಚಿದರು. ಗಂಟಲು ಅದೇ, ಹುಡುಗಿಯೂ ಅವಳೇ. ಪದ್ಧತಿ ಮತ್ತು ಕೇಳುವ ಕಿವಿ ಬದಲಾಯಿತು. ಗೆರ್ಸ್ಟರ್ ಅವರನ್ನು ಕೆಟ್ಟ ಗುರು ಅನ್ನುವುದೂ ತಪ್ಪು. ಅವರದು ಹಗುರವಾದ, ಬಳುಕುವ ದನಿ. ತನ್ನ ದನಿಗೆ ಒಗ್ಗಿದ್ದು ಎಲ್ಲರ ದನಿಗೂ ಒಗ್ಗುತ್ತದೆ ಅಂತ ನಂಬುವ ಗುರುಗಳು ಎಲ್ಲ ಕಾಲದಲ್ಲೂ ಇದ್ದಾರೆ. ನನ್ನ ಕಲಿಕೆಯ ದಿನಗಳಲ್ಲಿ ನನ್ನನ್ನೂ ಎರಡು ವರ್ಷ ಮೆಟ್ಸೊ (ಸೊಪ್ರಾನೊಗಿಂತ ಕೆಳಗಿನ ಹೆಣ್ಣುದನಿ) ಅಂತ ಕೆಳಗೇ ಹಾಡಿಸಿದರು. ಮೂರನೇ ಗುರುವಿನ ಹತ್ತಿರ ಹೋದ ಮೇಲೆಯೇ ಮೇಲಿನ ದನಿ ತೆರೆದದ್ದು. ಆ ಎರಡು ವರ್ಷದ ನೋವು ನನಗೆ ಚೆನ್ನಾಗಿ ನೆನಪಿದೆ.

ಮುಂದಿನದೂ ಒಂದೇ ನೆಗೆತ ಅಲ್ಲ. 1910ರಲ್ಲಿ ಹ್ಯಾಂಬರ್ಗ್ ಒಪೆರಾದಲ್ಲಿ ಲೋಟೆ ಮೊದಲು ಹಾಡಿದ ಪಾತ್ರ ಯಾವುದು ಗೊತ್ತಾ? ಮೊಟ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ನಲ್ಲಿ ಬರುವ ಮೂವರು ಹುಡುಗರಲ್ಲಿ ಎರಡನೆಯವನು. ಹೆಸರೇ ಇಲ್ಲದ ಪಾತ್ರ. ಎರಡು ವರ್ಷ ಇಂಥ ಚಿಲ್ಲರೆ ಪಾತ್ರಗಳಲ್ಲೇ ಕಳೆಯಿತು. 1912ರಲ್ಲಿ ವಾದ್ಯವೃಂದದ ಯುವ ನಿರ್ದೇಶಕ ಒಟ್ಟೊ ಕ್ಲೆಂಪರರ್ ಕೈಕೆಳಗೆ ‘ಲೋಹೆನ್‌ಗ್ರಿನ್’ನ ಎಲ್ಸಾ ಹಾಡಿದಾಗ ಜನ ತಿರುಗಿ ನೋಡಿದರು. 1914ರಲ್ಲಿ ವಿಯೆನ್ನಾದಲ್ಲಿ ಅತಿಥಿಯಾಗಿ ಹಾಡಲು ಹೋದರು, ಎವಾ ಪಾತ್ರದಲ್ಲಿ. ಗುರು ಮಾಲಿಂಗರ್ 46 ವರ್ಷ ಹಿಂದೆ ಮೊದಲ ಸಲ ಹಾಡಿದ ಅದೇ ಪಾತ್ರ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1916ರಲ್ಲಿ ವಿಯೆನ್ನಾಕ್ಕೇ ಸೇರಿಕೊಂಡರು. ಅದೇ ವರ್ಷ ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರೌಸ್ ತನ್ನ ‘ಅರಿಯಾಡ್ನೆ’ ಒಪೆರಾದ ಹೊಸ ರೂಪವನ್ನು ತಾಲೀಮು ಮಾಡಿಸುತ್ತಿದ್ದ. ಯುವ ಸಂಗೀತಗಾರನ ಪಾತ್ರ ಮಾಡಬೇಕಿದ್ದ ಹಿರಿಯ ಗಾಯಕಿ ತಾಲೀಮಿಗೆ ಬರಲಾಗಲಿಲ್ಲ. ಬದಲಿಗೆ ಲೋಟೆಯನ್ನು ನಿಲ್ಲಿಸಿದರು. ಕೇಳಿದ ಸ್ಟ್ರೌಸ್ ಪಾತ್ರವನ್ನು ಅವರಿಗೇ ಕೊಟ್ಟುಬಿಟ್ಟ. 1919ರಲ್ಲಿ ಅವನ ಇನ್ನೊಂದು ದೊಡ್ಡ ಒಪೆರಾದ ಬಣ್ಣಗಾರನ ಹೆಂಡತಿಯ ಪಾತ್ರ, 1924ರಲ್ಲಿ ಡ್ರೆಸ್ಡೆನ್‌ನಲ್ಲಿ ‘ಇಂಟರ್‌ಮೆಟ್ಸೊ’. ಎಲ್ಲ ಮೊದಲ ಪ್ರದರ್ಶನಗಳು. ಅವನದೇ ‘ರೋಸೆನ್‌ಕವಲಿಯರ್’ ಒಪೆರಾದ ಮೂರು ಮುಖ್ಯ ಹೆಣ್ಣುದನಿಯ ಪಾತ್ರಗಳನ್ನೂ, ಅಂದರೆ ಸೋಫಿ, ಆಕ್ಟೇವಿಯನ್, ಮಾರ್ಷಲಿನ್, ಬೇರೆ ಬೇರೆ ಕಾಲದಲ್ಲಿ ಹಾಡಿದರು. ಮಾರ್ಷಲಿನ್ ಅವರ ಕೈಗೆ ಬಂದದ್ದು 1924ರಲ್ಲಿ ಲಂಡನ್‌ನಲ್ಲಿ, 36ನೇ ವಯಸ್ಸಿಗೆ. ನಿಮಗೆ ಈಗ 22. ಲೋಟೆ 22ಕ್ಕೆ ಹೆಸರಿಲ್ಲದ ಹುಡುಗನಾಗಿ ನಿಂತಿದ್ದರು ಅನ್ನುವುದು ನೆನಪಿರಲಿ.

ಇನ್ನು ಮೇಲೆ ಹೋದರೆ ದನಿ ಒಡೆಯುವ ವಿಚಾರ. ಇದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ ಅಂತ ನನ್ನ ಊಹೆ. ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತವರು ನೀವು. ಶ್ರುತಿ ಬಹುಶಃ 5 ಕಟ್ಟೆಯೋ (ಕಟ್ಟೆ ಅಂದರೆ ಶ್ರುತಿಯ ಎತ್ತರದ ಅಳತೆ) ಅದರ ಆಸುಪಾಸೋ ಇದ್ದಿರಬೇಕು. ಅಲ್ಲಿ ನಿಮ್ಮ ಮಧ್ಯ ಷಡ್ಜ ಸೆಕೆಂಡಿಗೆ 196 ಕಂಪನ, ತಾರ ಷಡ್ಜ 392, ತಾರಸ್ಥಾಯಿ ಪಂಚಮ ಮುಟ್ಟಿದರೆ ಸುಮಾರು 587. ಕಛೇರಿಯಲ್ಲಿ ಅದರಾಚೆ ಹೋಗುವ ಪ್ರಸಂಗ ಕಡಿಮೆ. ಸೊಪ್ರಾನೊ ದನಿ ಮೇಲಕ್ಕೆ ಹೊರಳುವ ತಿರುವು ಇರುವುದು ಸುಮಾರು 650ರಿಂದ 740ರ ನಡುವೆ. ಅಂದರೆ ನೀವು ಹತ್ತು ವರ್ಷ ನಡೆದ ದಾರಿ ಎಲ್ಲಿ ಮುಗಿಯಿತೋ ಅದರ ಮುಂದಿನ ಹೆಜ್ಜೆಯಲ್ಲೇ ಆ ತಿರುವು. ಅಲ್ಲಿಂದ ಮೇಲೆ, 1046 ಕಂಪನದ ಹೈ ಸಿ ಅನ್ನುವ ಎತ್ತರದ ಸ್ವರದ ತನಕ ಇರುವ ಜಾಗಕ್ಕೆ ನಿಮ್ಮ ಗಂಟಲು ಹೊಸದು.

ಇನ್ನೊಂದು ವಿಷಯ ಇದೆ. ಚಿಕ್ಕಂದಿನಲ್ಲಿ ನಿಮ್ಮ ಸಂಗೀತದ ಮೇಷ್ಟ್ರು ‘ಕಳ್ಳದನಿ ತೆಗೀಬೇಡ, ಬಾಯಿಬಿಟ್ಟು ಹಾಡು’ ಅಂತ ಗದರಿರುತ್ತಾರೆ. ನನಗೂ ಗದರಿದ್ದಾರೆ. ಆ ಸಂಗೀತಕ್ಕೆ ಅದು ಸರಿಯಾದ ಮಾತು. ಎದೆಯ ದನಿಯ ತುಂಬುತನ ಅಲ್ಲಿ ಬೇಕು, ಮುಂದೆ ಮೈಕು ಇರುತ್ತದೆ. ಈಗ ಹೊಸ ಮೇಡಂ ಮೇಲಿನ ಸ್ವರಕ್ಕೆ ‘ತಲೆಯ ದನಿ’ ತನ್ನಿ ಅಂತಾರೆ. ನಿಮ್ಮ ಗಂಟಲಿಗೆ ಅದು ಕಳ್ಳದನಿಯ ಹಾಗೇ ಅನಿಸುತ್ತದೆ. ಹತ್ತು ವರ್ಷದ ಗದರಿಕೆ ಒಳಗೇ ಕೂತು ತಡೆಯುತ್ತದೆ. ಹಾಗಾಗಿ ಎದೆಯ ದನಿಯನ್ನೇ ಬಲವಾಗಿ ಮೇಲಕ್ಕೆ ತಳ್ಳುತ್ತೀರಿ. ತಿರುವಿನ ಹತ್ತಿರ ಅದು ತಡೆಯಲಾರದೆ ಒಡೆಯುತ್ತದೆ. ಇದು ದನಿಯ ಕೊರತೆ ಅಲ್ಲ, ಅಭ್ಯಾಸದ ಬಲ. ನನ್ನ ಹತ್ತಿರ ಬಂದ ಕರ್ನಾಟಕ ಸಂಗೀತದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಲ್ಲೇ ಎಡವಿದ್ದಾರೆ. ಶ್ರುತಿಜ್ಞಾನದಲ್ಲಿ ಅವರು ಬೇರೆಯವರಿಗಿಂತ ಎಷ್ಟೋ ಮುಂದೆ. ತಿರುವು ದಾಟಲು ಮಾತ್ರ ಒಂದೆರಡು ವರ್ಷ ತಾಳ್ಮೆ ಬೇಕಾಗಿದೆ. ಮೆತ್ತಗೆ, ಮೇಲಿಂದ ಕೆಳಕ್ಕೆ, ‘ಊ’ಕಾರದಲ್ಲಿ ಜಾರುತ್ತಾ ಬರುವುದು ಒಳ್ಳೆಯ ಆರಂಭ. ದಿನಕ್ಕೆ ಹತ್ತು ಹತ್ತು ನಿಮಿಷ, ಮೂರು ಸಲ. ಇದೂ ಡಾಕ್ಟರು ಸರಿ ಅಂದ ಮೇಲೆಯೇ.

ಮೇಡಂ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ಅವಸರ ಅಂತ ನನಗೆ ಅನ್ನಿಸುತ್ತದೆ. ದನಿ ಒಡೆಯುತ್ತದೆ ಅನ್ನುವುದು ಅವರು ಕಿವಿಯಾರೆ ಕೇಳಿದ್ದು. ‘ಆಗಲ್ಲ’ ಅನ್ನುವುದು ಭವಿಷ್ಯ. 22ರ ಹೆಣ್ಣುದನಿಯ ಭವಿಷ್ಯ ಹೇಳುವುದು ಎಂಥ ಅನುಭವಿಗೂ ಕಷ್ಟ. ಭಾರದ ದನಿಗಳು ಮಾಗುವುದೇ ಮೂವತ್ತರ ಹತ್ತಿರ.

ಉಸಿರಿನ ಮಾತಿಗೆ ಮಾತ್ರ ನಾನು ಮೇಡಂ ಪರ. ಲೋಟೆ ಲೇಮನ್ ಸಾಲಿನ ಮಧ್ಯೆ ಪದೇ ಪದೇ ಉಸಿರು ತೆಗೆದುಕೊಳ್ಳುತ್ತಿದ್ದರು ಅನ್ನುವುದು ಸುಳ್ಳಲ್ಲ. ಧ್ವನಿಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ವಿಮರ್ಶಕರೂ ಬರೆದಿದ್ದಾರೆ. ತುತ್ತತುದಿಯ ಸ್ವರಗಳೂ ಅವರಿಗೆ ಸಲೀಸಾಗಿರಲಿಲ್ಲ. 1930ರ ದಶಕದಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ವಾದ್ಯವೃಂದದ ನಿರ್ದೇಶಕ ತೊಸ್ಕನಿನಿ ಬೀಥೋವನ್‌ನ ‘ಫಿಡೆಲಿಯೊ’ ಒಪೆರಾ ಮಾಡಿಸಿದಾಗ ನಾಯಕಿ ಲಿಯೊನೊರಾಳ ದೊಡ್ಡ ಹಾಡನ್ನು ಅವರಿಗಾಗಿ ಅರ್ಧ ಸ್ವರ ಇಳಿಸಿ ನುಡಿಸಿದರು. ಅಷ್ಟು ಕಟ್ಟುನಿಟ್ಟಿನ ತೊಸ್ಕನಿನಿ ಹೀಗೆ ಒಪ್ಪಿದ್ದು ಲೋಟೆಯ ಹಾಡಿನಲ್ಲಿ ಬೇರೆ ಯಾರಲ್ಲೂ ಸಿಗದ್ದೇನೋ ಇತ್ತು ಅನ್ನುವುದಕ್ಕೆ.

ಆ ‘ಏನೋ’ ಕೇಳಬೇಕಾದರೆ 1933ರಲ್ಲಿ ವಿಯೆನ್ನಾದಲ್ಲಿ ಮುದ್ರಿಸಿದ ‘ರೋಸೆನ್‌ಕವಲಿಯರ್’ ಹಾಕಿಕೊಳ್ಳಿ. ಮೊದಲ ಅಂಕದ ಕೊನೆ. ಮಾರ್ಷಲಿನ್ ಕನ್ನಡಿ ಮುಂದೆ ಕೂತು ತನಗೆ ವಯಸ್ಸಾಗುತ್ತಿರುವುದನ್ನು ನೋಡಿಕೊಳ್ಳುತ್ತಾಳೆ. ಲೋಟೆ ಅಲ್ಲಿ ಹಾಡುತ್ತಾರೋ ಮಾತಾಡುತ್ತಾರೋ ಗೊತ್ತಾಗುವುದಿಲ್ಲ. ಉಸಿರು ತುಂಡಾಗುತ್ತದೆ. ಆದರೆ ತುಂಡಾದ ಕಡೆಯಲ್ಲೆಲ್ಲ ಆ ಹೆಂಗಸಿನ ಯೋಚನೆಯೂ ಒಂದು ಕ್ಷಣ ನಿಂತ ಹಾಗಿರುತ್ತದೆ. ಆಮೇಲೆ 1935ರಲ್ಲಿ ಮುದ್ರಿಸಿದ, ವಾಗ್ನರ್‌ನ ‘ವಾಲ್ಕ್ಯೂರ್’ ಮೊದಲ ಅಂಕ ಕೇಳಿ, ಬ್ರೂನೊ ವಾಲ್ಟರ್ ನಿರ್ದೇಶನ, ಜೊತೆಗೆ ಲೌರಿಟ್ಸ್ ಮೆಲ್ಕಿಯೋರ್. ನಿಮಗೆ ಉಸಿರಿನ ಲೆಕ್ಕವೇ ಮರೆತುಹೋಗುತ್ತದೆ. ಆದರೆ ಅವರ ದೋಷವನ್ನು ನಾವು ಅನುಕರಿಸಿದರೆ ದೋಷ ಮಾತ್ರ ಬರುತ್ತದೆ, ಆ ಅರ್ಥ ಬರುವುದಿಲ್ಲ. 22ಕ್ಕೆ ಉಸಿರು ಕಲಿಯಲೇಬೇಕು. ಕಲಿತದ್ದನ್ನು ಬೇಕಾದಾಗ ಮುರಿಯಬಹುದು.

ಮನಸ್ಸಿಗೂ ಉಸಿರಿಗೂ ನಂಟಿದೆ ಅನ್ನುವುದಕ್ಕೂ ಲೋಟೆಯ ಬದುಕಿನಲ್ಲೇ ಒಂದು ಪ್ರಸಂಗ ಇದೆ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಲೋಟೆಯ ಗಂಡ ಒಟ್ಟೊ ಕ್ರೌಸೆಗೆ ಮೊದಲ ಮದುವೆಯ ನಾಲ್ಕು ಮಕ್ಕಳಿದ್ದರು. ಅವರ ತಾಯಿ ಯಹೂದಿ. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಲಂಡನ್‌ನ ಕೊವೆಂಟ್ ಗಾರ್ಡನ್‌ನಲ್ಲಿ ಮಾರ್ಷಲಿನ್ ಹಾಡುತ್ತಿದ್ದಾಗ ಮೊದಲ ಅಂಕದಲ್ಲೇ ಲೋಟೆಗೆ ಮುಂದೆ ಹಾಡಲಾಗಲಿಲ್ಲ. ರಂಗದಿಂದ ಹೊರಗೆ ನಡೆದುಬಿಟ್ಟರು. ನೋಡಲು ಬಂದು ಕೂತಿದ್ದ ಹಿಲ್ಡೆ ಕೊನೆಟ್ಸ್‌ನಿ ಎಂಬ ಗಾಯಕಿ ಎದ್ದು ಹೋಗಿ ಉಳಿದದ್ದನ್ನು ಹಾಡಿ ಮುಗಿಸಿದರು. ಸಾವಿರ ಸಲ ಹಾಡಿ ಪಳಗಿದ ಗಂಟಲೂ ಮನೆಯವರ ಚಿಂತೆಯಲ್ಲಿ ಹೀಗೆ ಕಟ್ಟಿಕೊಳ್ಳುತ್ತದೆ. ನೀವು ಮೂರು ದಿನ ಅತ್ತು, ಅದರ ಮೇಲೆ ದಿನಾ ಎರಡು ಗಂಟೆ ದುಡಿಸಿದ್ದೀರಿ. ಗಂಟಲು ಕಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ.

ಗೋರಿಂಗ್ ಕಥೆಯನ್ನು ಮಾತ್ರ ಸ್ವಲ್ಪ ತಿದ್ದಿಕೊಳ್ಳಿ. 1934ರಲ್ಲಿ ಬರ್ಲಿನ್‌ನಲ್ಲಿ ಇಬ್ಬರ ಭೇಟಿ ನಡೆದದ್ದು ನಿಜ. ಅವನು ಜರ್ಮನಿಯಲ್ಲೇ ಹಾಡಬೇಕೆಂಬ ಷರತ್ತಿಟ್ಟ, ನಾನು ತಿರಸ್ಕರಿಸಿದೆ ಅಂತ ಲೋಟೆ ಮುಂದೆ ಹೇಳುತ್ತಿದ್ದರು. ಮೈಕೆಲ್ ಕೇಟರ್ ಎಂಬ ಇತಿಹಾಸಕಾರ ಆ ಕಾಲದ ಪತ್ರಗಳನ್ನು ತೆಗೆದು ನೋಡಿದರು. ಲೋಟೆ ಅಲ್ಲಿ ಹಾಡುವ ಕೆಲಸಕ್ಕಾಗಿ ಮಾತುಕತೆ ನಡೆಸಿದ್ದರು, ಸಂಬಳ ಷರತ್ತುಗಳ ಬಗ್ಗೆ ಚೌಕಾಸಿ ಮಾಡಿದ್ದರು, ಅದು ಮುರಿದುಬಿದ್ದಿತು ಅಂತ ತೋರಿಸಿದರು. ಇದನ್ನು ಓದಿದಾಗ ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಅವರು ದೇಶ ಬಿಟ್ಟದ್ದು, ಮಕ್ಕಳಿಗಾಗಿ ಒದ್ದಾಡಿದ್ದು, ಅಮೆರಿಕದಲ್ಲಿ ಐವತ್ತರ ವಯಸ್ಸಿನಲ್ಲಿ ಮತ್ತೆ ನೆಲೆ ಕಂಡುಕೊಂಡದ್ದು ಸುಳ್ಳಾಗುವುದಿಲ್ಲ. ಅವರ ಹಾಡನ್ನು ಪ್ರೀತಿಸಲು ಅವರನ್ನು ದೇವರು ಮಾಡಬೇಕಿಲ್ಲ.

ಈಗ ಲೋಟೆ ಗುರುವಾದ ಭಾಗ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು ಇಲ್ಲೇ.

1951ರ ಫೆಬ್ರವರಿ 16, ನ್ಯೂಯಾರ್ಕ್‌ನ ಟೌನ್ ಹಾಲ್. ಇನ್ನು 11 ದಿನಕ್ಕೆ ಅವರಿಗೆ 63 ತುಂಬುತ್ತಿತ್ತು. ಕಛೇರಿಯ ಮಧ್ಯೆ ಮುಂದೆ ಬಂದು, ಇದು ನನ್ನ ವಿದಾಯದ ಕಛೇರಿ ಅಂದರು. ಸಭೆಯವರು ‘ಬೇಡ, ಬೇಡ’ ಅಂತ ಕೂಗಿದರು. ಮಾರ್ಷಲಿನ್ ಕನ್ನಡಿ ನೋಡಿಕೊಂಡು ಹೊತ್ತಾಯಿತು ಅಂತಾಳಲ್ಲ, ನಾನೂ ಕನ್ನಡಿ ನೋಡಿಕೊಂಡೆ, ಹೊತ್ತಾಯಿತು ಅಂದರು. ಕೊನೆಗೆ ಶೂಬರ್ಟ್ ಎಂಬ ರಚನೆಕಾರ ಮಾಡಿದ, ಸಂಗೀತಕ್ಕೇ ಧನ್ಯವಾದ ಹೇಳುವ ಹಾಡು ತೆಗೆದುಕೊಂಡರು. ಕೊನೆಯ ಸಾಲಿನ ಕೊನೆಯ ಪದಗಳು ಬರಲೇ ಇಲ್ಲ. ಮುಖ ಮುಚ್ಚಿಕೊಂಡರು. ಪಿಯಾನೊ ಒಂದೇ ಹಾಡನ್ನು ಮುಗಿಸಿತು. ಇದರ ಧ್ವನಿಮುದ್ರಣ ಉಳಿದಿದೆ.

ಆಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ, ಮ್ಯೂಸಿಕ್ ಅಕಾಡೆಮಿ ಆಫ್ ದಿ ವೆಸ್ಟ್ ಎಂಬ ಸಂಸ್ಥೆಯಲ್ಲಿ ಪಾಠ ಮಾಡಿದರು. ಬಹಿರಂಗ ಪಾಠ ಅಂದರೆ ಸಭೆಯ ಎದುರಿಗೇ ವಿದ್ಯಾರ್ಥಿ ಹಾಡುವುದು, ಗುರು ತಿದ್ದುವುದು. ಅವರ ದನಿ ಆಗ ಹೋಗಿತ್ತು. ಕೆಳಗಿನ ಸ್ಥಾಯಿಯಲ್ಲಿ ಗುನುಗುತ್ತಾ, ಮುಖದಲ್ಲಿ ಕೈಯಲ್ಲಿ ತೋರಿಸುತ್ತಿದ್ದರು. ಈ ಸಾಲಲ್ಲಿ ಅವಳು ಯಾರನ್ನು ನೋಡುತ್ತಿದ್ದಾಳೆ, ಪಿಯಾನೊ ಮಾತ್ರ ನುಡಿಯುವಾಗ ಅವಳ ಮನಸ್ಸಲ್ಲಿ ಏನಿದೆ, ಇದೇ ಅವರ ಪಾಠ. ನನ್ನನ್ನು ನಕಲು ಮಾಡಬೇಡಿ ಅಂತ ಎಚ್ಚರಿಸುತ್ತಿದ್ದರು. ಅವರು ನಿಜವಾಗಿ ಬರೆದ, 1945ರಲ್ಲಿ ಬಂದ ಪುಸ್ತಕದ ಹೆಸರೇ ‘ಗಾಯನಕ್ಕಿಂತ ಹೆಚ್ಚಿನದು’ ಅನ್ನುವ ಅರ್ಥದ್ದು. ಅದರ ತುಂಬ ಹಾಡುಗಳ ಅರ್ಥವಿವರಣೆ. ಗಂಟಲಿನ ಕಸರತ್ತಿಗೆ ಅದರಲ್ಲಿ ಜಾಗ ಇಲ್ಲ.

ಅವರ ಶಿಷ್ಯೆಯರಲ್ಲಿ ಗ್ರೇಸ್ ಬಂಬ್ರಿ ದೊಡ್ಡ ಹೆಸರು. 1961ರಲ್ಲಿ ಬೈರಾಯ್ಟ್‌ನಲ್ಲಿ ಹಾಡಿದ ಮೊದಲ ಕಪ್ಪು ಗಾಯಕಿ. ಬಂಬ್ರಿಗೆ ಅರ್ಥ, ಅಭಿನಯ, ಹಾಡಿನ ಒಳಗು ಹೇಳಿಕೊಟ್ಟವರು ಲೋಟೆ. ಗಂಟಲು ತಿದ್ದಿದವರಲ್ಲಿ ಆರ್ಮಂಡ್ ಟೊಕಾಟ್ಯಾನ್ ಎಂಬ ಹಳೆಯ ಟೆನರ್ ಗಾಯಕರೂ ಒಬ್ಬರು. ಒಬ್ಬ ಹುಡುಗಿಗೆ ಒಂದೇ ಕಾಲದಲ್ಲಿ ಬೇರೆ ಬೇರೆ ಗುರುಗಳು, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕದೆ.

ನಮ್ಮಲ್ಲಿ ಗುರು ಅಂದರೆ ಒಬ್ಬರೇ, ಎಲ್ಲವೂ ಅವರೇ ಅನ್ನುವ ಭಾವನೆ ಇದೆ. ಅದಕ್ಕೇ ನಿಮಗೆ ‘ಮೇಡಂನ ಬಿಡಲಾ’ ಅನ್ನುವುದು ದ್ರೋಹದ ಹಾಗೆ ಕಾಣುತ್ತಿದೆ. ಒಪೆರಾ ಲೋಕದಲ್ಲಿ ಹಾಗಿಲ್ಲ. ಎರಡನೇ ಅಭಿಪ್ರಾಯ ಕೇಳುವುದು ಅಲ್ಲಿ ಮಾಮೂಲಿ.

ಹಾಗಾಗಿ ನಿಮ್ಮ ಜಾಗದಲ್ಲಿ ನಾನಿದ್ದರೆ ತಕ್ಷಣ ಬಿಡುತ್ತಿರಲಿಲ್ಲ. ಡಾಕ್ಟರ ವರದಿ ಹಿಡಿದು ಮೇಡಂ ಹತ್ತಿರವೇ ಹೋಗಿ ಕೂತು ಮಾತಾಡುತ್ತಿದ್ದೆ. ‘ದನಿ ಎಲ್ಲಿ ಒಡೆಯುತ್ತೆ, ಯಾಕೆ, ಆರು ತಿಂಗಳಲ್ಲಿ ಅದಕ್ಕೆ ಏನು ಮಾಡೋಣ’ ಅಂತ ಕೇಳಿ. ಅವರ ಹತ್ತಿರ ಉತ್ತರ ಇದ್ದರೆ, ತಿರುವು ದಾಟಿಸುವ ಸಾಧನೆ ಕೊಟ್ಟರೆ, ಆರು ತಿಂಗಳು ನಿಲ್ಲಿ. ಇದರ ಅಪಾಯ ಇಷ್ಟೇ: ನಿಮ್ಮನ್ನು ಅವರು ಒಳಗೇ ಕೈಬಿಟ್ಟಿದ್ದರೆ ಕಾಲ ವ್ಯರ್ಥ. ಮೊದಲ ಎರಡು ತಿಂಗಳಲ್ಲೇ ನಿಮಗದು ಗೊತ್ತಾಗುತ್ತದೆ. ‘ಸುಮ್ನೆ ಹಾಡ್ತಾ ಹೋಗು’ ಅಂದರೆ, ಅಥವಾ ಪಾಠ ಮುಗಿದಾಗಲೆಲ್ಲ ಗಂಟಲು ನೋಯುತ್ತಿದ್ದರೆ, ಹೊರಡಿ. ನೋವು ಕೊಡುವ ಪಾಠ ಯಾರದ್ದಾದರೂ ತಪ್ಪು ಪಾಠವೇ.

ಬೇರೆ ಗುರುವನ್ನು ಹುಡುಕುವುದಾದರೆ ಒಬ್ಬರ ಹತ್ತಿರ ಒಂದೇ ಪಾಠಕ್ಕೆ ಹೋಗಿ ತೀರ್ಮಾನ ಮಾಡಬೇಡಿ. ಮೂರು ನಾಲ್ಕು ಪಾಠ ಬೇಕು. ಅವರ ಹಳೆಯ ವಿದ್ಯಾರ್ಥಿಗಳ ದನಿ ಕೇಳಿ. ಎಲ್ಲರೂ ಒಂದೇ ರೀತಿ ಹಾಡುತ್ತಿದ್ದರೆ ಅನುಮಾನ ಪಡಿ. ‘ಮೂರು ತಿಂಗಳಲ್ಲಿ ಹೈ ಸಿ’ ಅನ್ನುವವರ ಹತ್ತಿರ ಹೋಗಲೇಬೇಡಿ. ಆರು ತಿಂಗಳಿಗೊಮ್ಮೆ ಗುರು ಬದಲಿಸುವುದೂ ಅಪಾಯ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚುತ್ತಾ, ಗಂಟಲಿಗೆ ಯಾವುದೂ ಕೂರುವುದಿಲ್ಲ.

ಮೇಡಂನ ಬಿಡದೆಯೇ ಅರ್ಥದ ಪಾಠಕ್ಕೆ ಬೇರೆಯವರ ಹತ್ತಿರ ಹೋಗುವ ದಾರಿಯೂ ಇದೆ. ಜರ್ಮನ್ ಕಲಿಯಲು ಶುರುಮಾಡಿ, ಇವತ್ತಿಂದಲೇ. ಅದಕ್ಕೆ ಗಂಟಲು ಬೇಡ. ಶೂಬರ್ಟ್‌ನ ಒಂದು ಸಣ್ಣ ಹಾಡಿನ ಪದ್ಯ ಬಾಯಿಪಾಠ ಮಾಡಿ, ಹಾಡದೆ ಓದಿ. ಜರ್ಮನಿಗೆ ಹೋಗುವ ಯೋಚನೆ ಮುಂದೆ ಬಂದರೂ ಇದೇ ಕೆಲಸಕ್ಕೆ ಬರುತ್ತದೆ. ಅಲ್ಲಿಯ ಸರಕಾರಿ ಸಂಗೀತ ವಿದ್ಯಾಲಯಗಳಲ್ಲಿ ಬಹುತೇಕ ಕಡೆ ಫೀಸು ಇಲ್ಲವೆಂಬಷ್ಟು ಕಡಿಮೆ. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ 2017ರಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1500 ಯೂರೊ ಕಟ್ಟುವ ನಿಯಮ ತಂದರು. ಸೀಟು ಸಿಗುವುದು ಅಂಕಪಟ್ಟಿಯಿಂದಲ್ಲ, ಎದುರಿಗೆ ನಿಂತು ಹಾಡಿ ತೋರಿಸಿದರೆ. ಪೈಪೋಟಿ ವಿಪರೀತ. ಹಲವು ಕಡೆ ವಯಸ್ಸಿನ ಮಿತಿಯೂ ಇದೆ, ಹೋಗುವ ಮೊದಲು ಆಯಾ ವಿದ್ಯಾಲಯದಲ್ಲೇ ವಿಚಾರಿಸಿ. ದನಿ ಒಡೆಯುವ ಈ ಹೊತ್ತಿನಲ್ಲಿ ಸಾಲ ಮಾಡಿ ವಿಮಾನ ಹತ್ತುವುದನ್ನು ನಾನು ಒಪ್ಪಲಾರೆ.

ಅಮ್ಮನ ಮಾತಿಗೆ ಸಿಟ್ಟಾಗಬೇಡಿ. ಬ್ಯಾಂಕ್ ಪರೀಕ್ಷೆಗೆ ಓದುವುದೂ ದನಿಗೆ ಒಳ್ಳೆಯದೇ, ಓದುವಾಗ ಬಾಯಿ ಮುಚ್ಚಿರುತ್ತದಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ. ಈ ಆರು ತಿಂಗಳು ನಿಮ್ಮ ಗಂಟಲಿಗೆ ಬೇಕಾದ ವಿಶ್ರಾಂತಿಗೂ ಅಮ್ಮನ ನೆಮ್ಮದಿಗೂ ಜಗಳ ಇಲ್ಲ. ಹೊಟ್ಟೆಪಾಡಿಗೆ ಒಂದು ಕೆಲಸ ಇಟ್ಟುಕೊಂಡು ಮೂವತ್ತರ ತನಕ ದನಿ ಮಾಗಲು ಬಿಟ್ಟವರನ್ನು ನಾನು ಕಂಡಿದ್ದೇನೆ.

ಡಾಕ್ಟರ ವರದಿ ಬಂದ ಮೇಲೆ ಮತ್ತೆ ಬರೆಯಿರಿ. ಅವರು ಹಾಡಲು ಬಿಟ್ಟರೆ ಎರಡು ನಿಮಿಷದ ರೆಕಾರ್ಡಿಂಗ್ ಕಳಿಸಿ. ಒಪೆರಾ ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ದೇವರನಾಮವನ್ನು 5 ಕಟ್ಟೆಯಲ್ಲಿ ಒಂದು ಸಲ, ಆಮೇಲೆ ಅದನ್ನೇ ಎರಡು ಕಟ್ಟೆ ಏರಿಸಿ, ಮೆತ್ತಗೆ, ತಳ್ಳದೆ ಇನ್ನೊಂದು ಸಲ ಹಾಡಿ. ತಿರುವು ಎಲ್ಲಿದೆ ಅನ್ನುವುದು ಅಷ್ಟರಲ್ಲೇ ನನಗೆ ಕೇಳಿಸುತ್ತದೆ.